ವಾಷಿಂಗ್ಟನ್‌ನ ಬಡ್ಡಿ, ಕೋರಮಂಗಲದ ಸಂಬಳ

ಬೆಂಗಳೂರಿನ ಸ್ಟಾರ್ಟಪ್‌ಗಳಿಗೆ ಫಂಡಿಂಗ್ ಬತ್ತಿದಾಗಲೆಲ್ಲ ಒಂದು ಮಾತು ಕೇಳಿ ಬರುತ್ತದೆ. "ಒಳ್ಳೆಯದೇ ಆಯ್ತು ಬಿಡಿ. ಜೊಳ್ಳೆಲ್ಲ ತೂರಿಹೋಗಿ ಗಟ್ಟಿ ಕಾಳು ಉಳಿಯುತ್ತೆ." 2022ರ ನಂತರ ಇದನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ನಾನು ಸ್ಟಾರ್ಟಪ್‌ಗಳ ಲೆಕ್ಕಪತ್ರ ನೋಡುವವನು. ಸಂಬಳದ ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಹೂಡಿಕೆಯ ಕರಾರು, ದಿನ ಬೆಳಗಾದರೆ ಇವೇ ನನ್ನ ಕೆಲಸ. ಆ ಕಾಗದಗಳ ಮಧ್ಯೆ ಕೂತು ನೋಡಿದರೆ ಜೊಳ್ಳು-ಕಾಳಿನ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಕೆಟ್ಟ ಕಂಪನಿಗಳು ಹೋಗುತ್ತವೆ, ನಿಜ. ಆದರೆ ಅವುಗಳ ಜೊತೆಗೆ ಒಳ್ಳೆಯವೂ ಹೋಗುತ್ತವೆ. ಯಾವುದು ಉಳಿಯಿತು, ಯಾವುದು ಹೋಯಿತು ಅನ್ನುವುದಕ್ಕೂ ಆ ಕಂಪನಿ ಮಾಡುತ್ತಿದ್ದ ಕೆಲಸಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ.

ನಮ್ಮೂರಿನದೇ ಒಂದು ಕತೆ ಇದೆ. ಹಳಬರಿಗೆ ಗೊತ್ತಿರುತ್ತದೆ. 1999ರಲ್ಲಿ ಬೆಂಗಳೂರಿನಲ್ಲಿ ಕೆಲವರು ಸೇರಿ ಫ್ಯಾಬ್‌ಮಾರ್ಟ್ ಅಂತ ಆನ್‌ಲೈನ್ ಅಂಗಡಿ ಶುರು ಮಾಡಿದರು. ಮೊದಲು ಹಾಡಿನ ಕ್ಯಾಸೆಟ್ಟು, ಸೀಡಿ. ಆಮೇಲೆ ಪುಸ್ತಕ, ದಿನಸಿ. ಮನೆಯಲ್ಲಿ ಇಂಟರ್ನೆಟ್ ಇದ್ದವರು ಬಹಳ ಕಡಿಮೆ ಇದ್ದ ಕಾಲ ಅದು. ಹರಿ ಮೆನನ್, ವಿ.ಎಸ್. ಸುಧಾಕರ್, ವಿಪುಲ್ ಪಾರೇಖ್, ಕೆ. ವೈದೀಶ್ವರನ್ ಆ ತಂಡದಲ್ಲಿದ್ದರು. 2000ದ ಮಾರ್ಚ್‌ನಲ್ಲಿ ಅಮೆರಿಕದ ಷೇರುಪೇಟೆಯ ನಾಸ್‌ಡಾಕ್ ಸೂಚ್ಯಂಕ 5,000 ದಾಟಿ ಉತ್ತುಂಗಕ್ಕೇರಿತು. ಅಲ್ಲಿಂದ ಜಾರಲು ಶುರುವಾಗಿ 2002ರ ಅಕ್ಟೋಬರ್ ಹೊತ್ತಿಗೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬೆಲೆ ಕಳೆದುಕೊಂಡಿತು. ಹೆಸರಿನಲ್ಲಿ 'ಡಾಟ್ ಕಾಮ್' ಇದ್ದ ಕಂಪನಿಗೆ ಹಣ ಹಾಕುವವರೇ ಇಲ್ಲವಾದರು. ಫ್ಯಾಬ್‌ಮಾರ್ಟ್‌ನವರು ಬೇರೆ ದಾರಿ ಹಿಡಿದರು. ಇಟ್ಟಿಗೆ-ಗಾರೆಯ ಅಂಗಡಿಗಳನ್ನೇ ತೆರೆದರು. ಅದೇ ಫ್ಯಾಬ್‌ಮಾಲ್. ಮುಂದೆ ಆ ಅಂಗಡಿಗಳು ತ್ರಿನೇತ್ರ ಅನ್ನುವ ಸೂಪರ್ ಮಾರ್ಕೆಟ್ ಸರಣಿಯ ಜೊತೆ ಸೇರಿ, ಕೊನೆಗೆ ಆದಿತ್ಯ ಬಿರ್ಲಾ ಸಮೂಹದ ಕೈಗೆ ಹೋಗಿ 'ಮೋರ್' ಆದವು. ಆನ್‌ಲೈನ್ ಅಂಗಡಿಯನ್ನು ವೈದೀಶ್ವರನ್ ಇಂಡಿಯಾಪ್ಲಾಜಾ ಅನ್ನುವ ಹೆಸರಲ್ಲಿ ಮುಂದುವರಿಸಿದರು.

2011ರಲ್ಲಿ ಮೆನನ್, ಸುಧಾಕರ್, ಪಾರೇಖ್ ಮತ್ತು ಜೊತೆಗಾರರು ಮತ್ತೆ ಅದೇ ದಿನಸಿಯನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟರು. ಈ ಸಲ ಹೆಸರು ಬಿಗ್‌ಬಾಸ್ಕೆಟ್. ಹೂಡಿಕೆ ಬಂತು, ಕಂಪನಿ ಬೆಳೆಯಿತು, 2021ರಲ್ಲಿ ಅದರ ಬಹುಪಾಲು ಷೇರನ್ನು ಟಾಟಾ ಕೊಂಡುಕೊಂಡಿತು. ಇಂಡಿಯಾಪ್ಲಾಜಾ ಮಾತ್ರ 2013ರಲ್ಲಿ ಬಾಗಿಲು ಹಾಕಿತು. ಮುಂದಿನ ಸುತ್ತಿನ ಹೂಡಿಕೆಯ ಹಣ ಹುಟ್ಟಲಿಲ್ಲ. ಅದೇ ವರ್ಷ ಜುಲೈನಲ್ಲಿ ಫ್ಲಿಪ್‌ಕಾರ್ಟ್‌ಗೆ 20 ಕೋಟಿ ಡಾಲರ್ ಬಂತು ಅನ್ನುವುದನ್ನು ಮರೆಯಬಾರದು. ಅಂದರೆ ಹಣ ಇರಲಿಲ್ಲ ಅಂತಲ್ಲ. ಭಯ ಇದ್ದಾಗ ಹಣ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವನನ್ನು ಹುಡುಕಿಕೊಂಡು ಹೋಗುತ್ತದೆ, ಉಳಿದವರನ್ನು ಬಿಟ್ಟುಬಿಡುತ್ತದೆ.

1999ರಲ್ಲೂ ಅದೇ ಜನ, 2011ರಲ್ಲೂ ಅದೇ ಜನ. ಅದೇ ಅಕ್ಕಿ, ಬೇಳೆ, ಎಣ್ಣೆ. ಬೆಂಗಳೂರಿನ ಅದೇ ರಸ್ತೆಗಳು. ಮೊದಲ ಸಲ ಅವರದು ಜೊಳ್ಳಾಗಿತ್ತು, ಎರಡನೇ ಸಲ ಕಾಳಾಯಿತು ಅನ್ನುವುದಕ್ಕಾಗುತ್ತಾ? ಇಂಟರ್ನೆಟ್ ಹರಡಿದ್ದು, ಜನರ ಕೈಗೆ ಕಾರ್ಡು, ಮೊಬೈಲು ಬಂದದ್ದು ದೊಡ್ಡ ಕಾರಣ, ಒಪ್ಪುತ್ತೇನೆ. ಆದರೆ ಯಾವ ವರ್ಷ ಹೋಗಿ ಹಣ ಕೇಳಿದರು ಅನ್ನುವುದು ಅಷ್ಟೇ ದೊಡ್ಡ ಕಾರಣ.

ಹಾಗಾದರೆ ಯಾವ ವರ್ಷ ಹಣ ಸಿಗುತ್ತದೆ, ಯಾವ ವರ್ಷ ಸಿಗುವುದಿಲ್ಲ? ಆರ್ಥಿಕತೆ ಕುಸಿದಾಗ ಸಿಗುವುದಿಲ್ಲ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಯಾರ ಆರ್ಥಿಕತೆ ಅಂತ ಕೇಳಬೇಕು. ಇಲ್ಲಿಯೇ ಎಲ್ಲರೂ ಎಡವುವುದು.

2020ನ್ನು ನೆನಪು ಮಾಡಿಕೊಳ್ಳಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಭಾರತದ ಜಿಡಿಪಿ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲುಭಾಗದಷ್ಟು ಕುಸಿಯಿತು. ನಮ್ಮ ತಲೆಮಾರು ಕಂಡ ಅತಿ ದೊಡ್ಡ ಕುಸಿತ ಅದು. ಸ್ಟಾರ್ಟಪ್‌ಗಳಲ್ಲಿ ಹಣ ಹೂಡುವ ಅಮೆರಿಕದ ದೊಡ್ಡ ವೆಂಚರ್ ಸಂಸ್ಥೆ ಸಿಕೋಯಾ ಆ ಮಾರ್ಚ್‌ನಲ್ಲೇ ತಾನು ಹಣ ಹಾಕಿದ ಕಂಪನಿಗಳಿಗೆ ಎಚ್ಚರಿಕೆ ಬರೆದಿತ್ತು. 2008ರ ಅಕ್ಟೋಬರ್‌ನಲ್ಲೂ ಅದು ಸಮಾಧಿ ಕಲ್ಲಿನ ಚಿತ್ರ ಹಾಕಿ, ಒಳ್ಳೆಯ ಕಾಲ ಮುಗಿಯಿತು ಅಂತ ಫೌಂಡರ್‌ಗಳಿಗೆ ಸ್ಲೈಡ್ ತೋರಿಸಿತ್ತು. ಆದರೆ 2020ರಲ್ಲಿ ಆದದ್ದೇ ಬೇರೆ. ಕೆಲವೇ ತಿಂಗಳಲ್ಲಿ ಹಣ ವಾಪಸ್ ಬಂತು. 2021ರಲ್ಲಂತೂ ಭಾರತದ ಸ್ಟಾರ್ಟಪ್‌ಗಳಿಗೆ ಹಿಂದೆಂದೂ ಕಾಣದಷ್ಟು ಹೂಡಿಕೆ ಹರಿಯಿತು. ಬೇನ್ ಅನ್ನುವ ಸಲಹಾ ಸಂಸ್ಥೆಯ ಲೆಕ್ಕದಂತೆ ಸುಮಾರು 3,850 ಕೋಟಿ ಡಾಲರ್. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಆ ವರ್ಷ ಎರಡೆರಡು ಆಫರ್ ಲೆಟರ್ ಇಲ್ಲದ ಇಂಜಿನಿಯರೇ ಇರಲಿಲ್ಲ ಅಂದರೆ ತಪ್ಪಾಗಲಾರದು.

ಈಗ 2022-23ಕ್ಕೆ ಬನ್ನಿ. ಭಾರತದ ಆರ್ಥಿಕತೆ ಸುಮಾರು 7%ರಷ್ಟು ಬೆಳೆಯಿತು. ಅಂಗಡಿ ತೆರೆದಿದ್ದವು, ಮದುವೆ ನಡೆಯುತ್ತಿದ್ದವು, ಮೆಟ್ರೋ ತುಂಬಿ ಓಡುತ್ತಿತ್ತು. ಆದರೆ ವೆಂಚರ್ ಹೂಡಿಕೆ ಅದೇ ಬೇನ್ ಲೆಕ್ಕದಲ್ಲಿ 2022ಕ್ಕೆ ಸುಮಾರು 2,570 ಕೋಟಿ ಡಾಲರ್‌ಗೆ ಇಳಿಯಿತು, 2023ಕ್ಕೆ 960 ಕೋಟಿಗೆ. ಎರಡು ವರ್ಷದಲ್ಲಿ ನಾಲ್ಕನೇ ಒಂದು ಭಾಗ. 'ಫಂಡಿಂಗ್ ವಿಂಟರ್' ಅನ್ನುವುದು ಎಲ್ಲರ ಬಾಯಿಗೆ ಬಂದದ್ದು ಆಗಲೇ.

ಊರೆಲ್ಲ ಮುಚ್ಚಿದ್ದಾಗ ಹಣ ಬಂತು, ಊರೆಲ್ಲ ತೆರೆದಾಗ ಹೋಯಿತು. ಇದಕ್ಕೆ ಕಾರಣ ಬೆಂಗಳೂರಿನಲ್ಲಿಲ್ಲ, ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್‌ನಲ್ಲಿದೆ. ಕೋವಿಡ್ ಬಂದಾಗ ಅದು ಬಡ್ಡಿ ದರವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತು. ಅಲ್ಲಿ ಬೆಲೆ ಏರಿಕೆ ಕೈಮೀರಿದಾಗ, 2022ರ ಮಾರ್ಚ್‌ನಿಂದ ಏರಿಸುತ್ತಾ ಹೋಗಿ 2023ರ ಜುಲೈ ಹೊತ್ತಿಗೆ 5.25ರಿಂದ 5.5%ಕ್ಕೆ ತಂದಿತು.

ಇದರ ಲೆಕ್ಕ ಕಷ್ಟದ್ದೇನಲ್ಲ. ಹತ್ತು ವರ್ಷದ ನಂತರ 100 ರೂಪಾಯಿ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ, ಇವತ್ತು ಅದಕ್ಕೆ ನೀವು ಎಷ್ಟು ಕೊಡುತ್ತೀರಿ? ಬಡ್ಡಿ 1% ಇದ್ದರೆ 90 ರೂಪಾಯಿಯವರೆಗೆ ಕೊಡಬಹುದು. 5% ಆದರೆ 61 ರೂಪಾಯಿ ಕೊಟ್ಟರೂ ಜಾಸ್ತಿಯೇ, ಯಾಕೆಂದರೆ ಆ 61ನ್ನು ಸರ್ಕಾರಿ ಬಾಂಡಿನಲ್ಲಿಟ್ಟರೆ ಯಾವ ಅಪಾಯವೂ ಇಲ್ಲದೆ ಹತ್ತು ವರ್ಷಕ್ಕೆ ಸುಮಾರು 100 ಆಗುತ್ತದೆ. ಸ್ಟಾರ್ಟಪ್ ಅಂದರೆ ಇದೇ. ಈಗ ನಷ್ಟ, ಹತ್ತು ವರ್ಷಕ್ಕೆ ಲಾಭ ಅನ್ನುವ ಮಾತು. ಆ ಮಾತಿನ ಬೆಲೆ ಬಡ್ಡಿ ಏರಿದ ದಿನವೇ ಇಳಿಯುತ್ತದೆ. ಕಂಪನಿಯೊಳಗೆ ಏನೂ ಬದಲಾಗಿರಬೇಕಿಲ್ಲ.

ಎರಡನೆಯದು, ವೆಂಚರ್ ಸಂಸ್ಥೆ ಹಾಕುವ ಹಣ ಅದರದ್ದಲ್ಲ. ಅದರ ಹಿಂದೆ ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು, ವಿಮಾ ಕಂಪನಿಗಳು, ಶ್ರೀಮಂತ ಕುಟುಂಬಗಳು ಇರುತ್ತವೆ. ಇವರನ್ನು ಎಲ್‌ಪಿ ಅನ್ನುತ್ತಾರೆ. ಒಂದು ಪಿಂಚಣಿ ನಿಧಿಯ ಹತ್ತಿರ 1,000 ಕೋಟಿ ಇದೆ ಅಂದುಕೊಳ್ಳಿ. ನೂರಕ್ಕೆ ಹತ್ತು ಭಾಗ ಮಾತ್ರ ವೆಂಚರ್‌ಗೆ ಅನ್ನುವುದು ಅದರ ನಿಯಮ. ಅಂದರೆ 100 ಕೋಟಿ. ಷೇರುಪೇಟೆ ಬಿದ್ದು ಉಳಿದ 900 ಕೋಟಿ 700 ಆಯಿತು. ಈಗ ಒಟ್ಟು 800. ವೆಂಚರ್‌ನಲ್ಲಿರುವ 100 ಕೋಟಿ ಹಾಗೇ ಇದೆ, ಆದರೆ ಅದು ನೂರಕ್ಕೆ ಹನ್ನೆರಡೂವರೆ ಭಾಗ ಆಯಿತು. ನಿಯಮ ದಾಟಿತು. ಆ ನಿಧಿ ಹೊಸದಾಗಿ ಒಂದು ಪೈಸೆಯನ್ನೂ ವೆಂಚರ್‌ಗೆ ಕೊಡುವ ಹಾಗಿಲ್ಲ. ಅದನ್ನು ನಡೆಸುವವರಿಗೆ ಸ್ಟಾರ್ಟಪ್‌ಗಳ ಮೇಲೆ ಸಿಟ್ಟೂ ಇಲ್ಲ, ಅನುಮಾನವೂ ಇಲ್ಲ. ಭಾಗಾಕಾರ ಅಷ್ಟೇ. ಆ ಭಾಗಾಕಾರದ ಕೊನೆಯಲ್ಲಿ ಬೆಳ್ಳಂದೂರಿನ ಯಾವುದೋ ಆಫೀಸಿನ ಸಂಬಳ ನಿಂತಿರುತ್ತದೆ.

ಮೂರನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೂಡಿಕೆದಾರರು ಹಣ ವಾಪಸ್ ಪಡೆಯುವ ದೊಡ್ಡ ದಾರಿ ಐಪಿಒ, ಅಂದರೆ ಕಂಪನಿಯ ಷೇರನ್ನು ಮೊದಲ ಸಲ ಷೇರುಪೇಟೆಯಲ್ಲಿ ಜನರಿಗೆ ಮಾರುವುದು. 2021ರ ಜುಲೈನಲ್ಲಿ 76 ರೂಪಾಯಿಗೆ ಷೇರು ಮಾರಿದ ಜೊಮ್ಯಾಟೋ ಒಂದು ವರ್ಷದ ಹೊತ್ತಿಗೆ 40ರ ಆಸುಪಾಸಿಗೆ ಬಂತು. ಅದೇ ವರ್ಷ ನವೆಂಬರ್‌ನಲ್ಲಿ 2,150 ರೂಪಾಯಿಗೆ ಮಾರಿದ ಪೇಟಿಎಂ ಮೊದಲ ದಿನವೇ ನೂರಕ್ಕೆ 27ರಷ್ಟು ಬಿತ್ತು. ಹೊರಗೆ ಹೋಗುವ ಬಾಗಿಲು ಇಕ್ಕಟ್ಟಾದರೆ ಒಳಗೆ ಬರುವವರೂ ಕಡಿಮೆಯಾಗುತ್ತಾರೆ. ಅದರಲ್ಲೂ ಐಪಿಒಗೆ ಹತ್ತಿರ ಇರುವ ದೊಡ್ಡ ಕಂಪನಿಗಳಿಗೆ ಮೊದಲ ಏಟು. ಈಗಷ್ಟೇ ಶುರುವಾದ, ಒಂದೆರಡು ಕೋಟಿ ಕೇಳುವ ಪುಟ್ಟ ಕಂಪನಿಗೆ ಅಷ್ಟು ಬೇಗ ಬಿಸಿ ತಟ್ಟುವುದಿಲ್ಲ, ಯಾಕೆಂದರೆ ಅದು ಮಾರಾಟವಾಗುವ ಹೊತ್ತಿಗೆ ಕಾಲ ಬದಲಾಗಿರುತ್ತದೆ ಅನ್ನುವ ನಂಬಿಕೆ ಇರುತ್ತದೆ.

ಇನ್ನೊಂದು ವಿಚಿತ್ರ ಇದೆ. ಹಣ ಇದ್ದೂ ಕೊಡುವುದಿಲ್ಲ. 2022ರ ಜೂನ್‌ನಲ್ಲಿ ಸಿಕೋಯಾ ಭಾರತ ಮತ್ತು ಆಗ್ನೇಯ ಏಷ್ಯಾಕ್ಕೆ ಅಂತಲೇ 285 ಕೋಟಿ ಡಾಲರ್‌ನ ಹೊಸ ಫಂಡ್‌ಗಳನ್ನು ಘೋಷಿಸಿತು. ಆ ಹೊತ್ತಿನಲ್ಲಿ ಬೇರೆಯವರೂ ದೊಡ್ಡ ದೊಡ್ಡ ಫಂಡ್ ಕಟ್ಟಿದರು. ಪೇಪರಿನಲ್ಲಿ ಓದಿದವರಿಗೆ ಇಷ್ಟು ಹಣ ಇದೆಯಲ್ಲ, ಬರಗಾಲ ಎಲ್ಲಿ ಅನ್ನಿಸಿರಬೇಕು. ಫಂಡ್ ಕಟ್ಟಿದ ದಿನವೇ ಹಣ ಖಾತೆಗೆ ಬರುವುದಿಲ್ಲ. ಎಲ್‌ಪಿಗಳು ಮಾತು ಕೊಟ್ಟಿರುತ್ತಾರೆ. ಬೇಕಾದಾಗ ಕರೆ ಕಳಿಸಬೇಕು, ಅವರು ಹಾಕಬೇಕು. ಅವರಿಗೇ ಬಿಗಿಯಾಗಿರುವ ಕಾಲದಲ್ಲಿ ಪದೇ ಪದೇ ಕರೆ ಕಳಿಸುವ ಫಂಡ್ ಮುಂದಿನ ಸಲ ಹಣ ಕೇಳುವುದು ಕಷ್ಟ. ಹಾಗಾಗಿ ಎರಡು ವರ್ಷದಲ್ಲಿ ಖರ್ಚಾಗುತ್ತಿದ್ದ ಫಂಡನ್ನು ನಾಲ್ಕು ವರ್ಷಕ್ಕೆ ಹಂಚುತ್ತಾರೆ. ಅದರಲ್ಲೂ ಒಂದು ಪಾಲನ್ನು ಈಗಾಗಲೇ ಹಣ ಹಾಕಿರುವ ಕಂಪನಿಗಳನ್ನು ಕಾಪಾಡಲು ಎತ್ತಿಡುತ್ತಾರೆ. ಹೊಸಬರಿಗೆ ಉಳಿಯುವುದು ಎಷ್ಟು?

ಹುಬ್ಬಳ್ಳಿಯ ಒಬ್ಬರು ಫೌಂಡರ್ 2023ರಲ್ಲಿ ಬೆಂಗಳೂರಿಗೆ ಬಂದು ಫಂಡ್‌ಗಳ ಆಫೀಸು ಸುತ್ತುತ್ತಿದ್ದರು. ಸಣ್ಣ ಕಾರ್ಖಾನೆಗಳ ಯಂತ್ರಗಳಿಗೆ ಸೆನ್ಸರ್ ಹಾಕಿ, ಕೆಡುವ ಮೊದಲೇ ಹೇಳುವ ವ್ಯವಸ್ಥೆ ಅವರದು. ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಿರಾಕಿಗಳಿದ್ದರು, ದುಡ್ಡೂ ಕೊಡುತ್ತಿದ್ದರು. ಲೆಕ್ಕ ತೋರಿಸಲು ನನ್ನ ಹತ್ತಿರ ಬಂದಾಗ, ಏನಾಯ್ತು, ಯಾರಾದರೂ ಒಪ್ಪಿದರಾ ಅಂತ ಕೇಳಿದೆ. "ಇಲ್ಲ ಅಂತ ಯಾರೂ ಅನ್ನಂಗಿಲ್ರಿ ಸರ್. ಭಾಳ ಛಲೋ ಐತಿ, ಮುಂದಿನ ಕ್ವಾರ್ಟರ್‌ನ್ಯಾಗ ಮಾತಾಡೋಣ ಅಂತಾರ್ರಿ. ಆ ಕ್ವಾರ್ಟರ್ ಯಾವಾಗ ಬರತೈತೋ ಗೊತ್ತಿಲ್ಲ" ಅಂದರು. ವಿಸಿಗಳು, ಅಂದರೆ ವೆಂಚರ್ ಹೂಡಿಕೆದಾರರು, 'ಇಲ್ಲ' ಅನ್ನುವುದಿಲ್ಲ, ನಾಳೆ ಈ ಕಂಪನಿ ದೊಡ್ಡದಾದರೆ ಸಂಬಂಧ ಉಳಿದಿರಲಿ ಅಂತ. ಅವರ ಕಡೆಯಿಂದ ಅದು ಸರಿಯೇ ಇರಬಹುದು. ಆದರೆ ಮೂರು ತಿಂಗಳ ಸಂಬಳದ ಹಣ ಮಾತ್ರ ಕೈಯಲ್ಲಿರುವವನಿಗೆ ಸ್ಪಷ್ಟವಾದ 'ಇಲ್ಲ' ಎಷ್ಟೋ ಮೇಲು. ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳುತ್ತಾನೆ.

ಒಳ್ಳೆಯ ಕಾಲದಲ್ಲಿ ವಿಸಿಗಳು ಗುರುತಿಲ್ಲದವರ ಇಮೇಲನ್ನೂ ತೆರೆದು ನೋಡುತ್ತಾರೆ. ಕೆಟ್ಟ ಕಾಲದಲ್ಲಿ ಗುರುತಿನವರ ಕಡೆಗೆ ವಾಲುತ್ತಾರೆ. ಅದೇ ಐಐಟಿ, ಹಿಂದೆ ಒಂದು ಕಂಪನಿ ಮಾರಿದವರು, ಯಾರೋ ಫೋನ್ ಮಾಡಿ "ಇವರನ್ನು ನಾನು ಬಲ್ಲೆ" ಅಂದವರು. ಹುಬ್ಬಳ್ಳಿಯಿಂದ, ಕಲಬುರಗಿಯಿಂದ, ಶಿವಮೊಗ್ಗದಿಂದ ಬಂದವರಿಗೆ ಆ ಫೋನ್ ಮಾಡುವವರು ಯಾರು? ಮಹಿಳೆಯರಿಗೆ ಇದು ಇನ್ನೂ ಕಷ್ಟ. ಜೊಳ್ಳು-ಕಾಳಿನ ಮಾತಿಗೆ ನನ್ನ ದೊಡ್ಡ ತಕರಾರು ಇದೇ. ಆ ತೂರುವಿಕೆಯಲ್ಲಿ ಕಾಳಿನ ತೂಕ ನೋಡುವುದಿಲ್ಲ, ಕಾಳು ಯಾವ ಹೊಲದ್ದು ಅಂತ ನೋಡುತ್ತಾರೆ.

ಕೆಟ್ಟ ಕಾಲದಲ್ಲಿ ಹುಟ್ಟಿದ ಕಂಪನಿಗಳೇ ಗಟ್ಟಿ ಅಂತ ವಾದ ಮಾಡುವವರು ಏರ್‌ಬಿಎನ್‌ಬಿ 2008ರದ್ದು, ಉಬರ್ ಮತ್ತು ವಾಟ್ಸಾಪ್ 2009ರವು ಅನ್ನುತ್ತಾರೆ. ಸರಿ. ಆದರೆ ಆ ವರ್ಷ ಅಷ್ಟೇ ಬುದ್ಧಿ, ಅಷ್ಟೇ ಶ್ರಮ ಹಾಕಿ ಎಂಟನೇ ತಿಂಗಳಿಗೆ ಹಣ ಮುಗಿದು ಮನೆಗೆ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ಎಲ್ಲ ಬರಗಾಲವೂ ಒಳ್ಳೆಯದಾಗಿಯೇ ಕಾಣುತ್ತದೆ.

ಕಂಪನಿಯ ಒಳಗೆ ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಕಾಣುವುದು ಲೇಆಫ್ ಸುದ್ದಿ ಮಾತ್ರ. ಪ್ರತಿ ಸ್ಟಾರ್ಟಪ್‌ನಲ್ಲೂ ಒಂದು ಎಕ್ಸೆಲ್ ಶೀಟು ಇರುತ್ತದೆ. ಮೊದಲ ಸಾಲಿನಲ್ಲಿ ತಿಂಗಳುಗಳು. ಕೆಳಗೆ ಬ್ಯಾಂಕಿನಲ್ಲಿರುವ ಹಣ, ಬರುವ ಹಣ, ಹೋಗುವ ಹಣ. ಕೊನೆಯ ಸಾಲಿನಲ್ಲಿ ಉಳಿಕೆ. ಆ ಉಳಿಕೆ ಸೊನ್ನೆಯಾಗುವ ತಿಂಗಳಿನ ಚೌಕ ಕೆಂಪಾಗಿರುತ್ತದೆ. ಅಲ್ಲಿಯವರೆಗಿನ ತಿಂಗಳುಗಳಿಗೆ ರನ್‌ವೇ ಅನ್ನುತ್ತಾರೆ.

ಬ್ಯಾಂಕಿನಲ್ಲಿ 9 ಕೋಟಿ ಇದೆ, ತಿಂಗಳಿಗೆ ಕೈಯಿಂದ 75 ಲಕ್ಷ ಹೋಗುತ್ತದೆ ಅಂದುಕೊಳ್ಳಿ. ಹನ್ನೆರಡು ತಿಂಗಳು. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಹೊಸ ಸುತ್ತು ಎತ್ತಲು 2021ರಲ್ಲಿ ಕೆಲವೇ ವಾರ ಸಾಕಾಗುತ್ತಿತ್ತು. 2023ರಲ್ಲಿ ಆರೇಳು ತಿಂಗಳು. ಮಾತುಕತೆಗೆ ಕೂರುವಾಗ ಕೈಯಲ್ಲಿ ನಾಲ್ಕಾರು ತಿಂಗಳಾದರೂ ಇರಬೇಕು, ಇಲ್ಲದಿದ್ದರೆ ಎದುರಿನವರು ಹೇಳಿದ ಬೆಲೆಗೆ ಒಪ್ಪಬೇಕಾಗುತ್ತದೆ. ಹಾಗೆ ನೋಡಿದರೆ ಹನ್ನೆರಡು ತಿಂಗಳ ರನ್‌ವೇ ಅಂದರೆ ಇವತ್ತೇ ತಡವಾಗಿದೆ ಅಂತ ಅರ್ಥ. 75 ಲಕ್ಷವನ್ನು 50 ಲಕ್ಷಕ್ಕೆ ಇಳಿಸಿದರೆ ಹದಿನೆಂಟು ತಿಂಗಳು ಸಿಗುತ್ತದೆ. ಎಲ್ಲಿಂದ ಇಳಿಸುವುದು? ಆಫೀಸ್ ಬಾಡಿಗೆ, ಕ್ಲೌಡ್ ಬಿಲ್ಲು, ಜಾಹೀರಾತು ಕಡಿಮೆ ಮಾಡಬಹುದು. ಆದರೆ ಸಾಫ್ಟ್‌ವೇರ್ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳವೇ. ಒಬ್ಬರಿಗೆ ತಿಂಗಳಿಗೆ ಒಂದು ಲಕ್ಷ ಅಂತ ಹಿಡಿದರೆ 25 ಲಕ್ಷ ಅಂದರೆ 25 ಜನ.

ಯಾರನ್ನು ತೆಗೆಯುತ್ತಾರೆ ಅನ್ನುವುದಕ್ಕೂ ಒಂದು ಕ್ರಮ ಇದೆ. ನಾನು ನೋಡಿದ ಕಡೆಯೆಲ್ಲ ಮೊದಲು ಹೋದವರು ನೇಮಕಾತಿ ತಂಡದವರು, ಹೊಸಬರನ್ನೇ ತೆಗೆದುಕೊಳ್ಳದ ಮೇಲೆ ಅವರಿಗೆ ಕೆಲಸವಿಲ್ಲ ಅಂತ. ಆಮೇಲೆ ಮಾರ್ಕೆಟಿಂಗ್, ಬರವಣಿಗೆ, ಗಿರಾಕಿಗಳ ಫೋನ್ ಎತ್ತುವವರು. ಆಮೇಲೆ ಇನ್ನೂ ಲಾಭ ತರದ ಹೊಸ ಪ್ರಾಡಕ್ಟಿನ ತಂಡ. ಇವರಲ್ಲಿ ಯಾರೂ ಆ 75 ಲಕ್ಷದ ಖರ್ಚನ್ನು ನಿರ್ಧರಿಸಿದವರಲ್ಲ. ಬೇಗ ಬೆಳೆಯಿರಿ, ಮಾರುಕಟ್ಟೆ ಹಿಡಿಯಿರಿ, ಲಾಭ ಆಮೇಲೆ ನೋಡೋಣ ಅಂತ ಬೋರ್ಡ್ ರೂಮಿನಲ್ಲಿ ಹೇಳಿದವರು ಬೇರೆ.

ಪರಿಚಯದ ಒಬ್ಬ ಹುಡುಗಿ, ದಾವಣಗೆರೆಯವಳು, ಆ ವರ್ಷವೇ ಓದು ಮುಗಿಸಿದ್ದಳು. ಕ್ಯಾಂಪಸ್‌ನಲ್ಲಿ ಒಂದು ಸ್ಟಾರ್ಟಪ್ ಆಫರ್ ಕೊಟ್ಟಿತ್ತು. ಜುಲೈಗೆ ಸೇರಬೇಕಿತ್ತು. ಸೆಪ್ಟೆಂಬರ್ ಅಂದರು, ಜನವರಿ ಅಂದರು, ಆಮೇಲೆ ಇಮೇಲ್‌ಗೆ ಉತ್ತರವೇ ಇಲ್ಲ. ಅವಳು ಆಫರ್ ನಂಬಿ ಗೆಳತಿಯರ ಜೊತೆ ಬೊಮ್ಮನಹಳ್ಳಿಯಲ್ಲಿ ಮನೆ ಹಿಡಿದಿದ್ದಳು. ಬೆಂಗಳೂರಿನ ಅಡ್ವಾನ್ಸ್ ಗೊತ್ತಲ್ಲ. ಅವಳ ಪಾಲಿನ ಹಣವನ್ನು ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕೊಟ್ಟಿದ್ದರು. "ಅಂಕಲ್, ನನ್ನ ಇಂಟರ್‌ವ್ಯೂನಲ್ಲಿ ಏನಾದರೂ ಕಮ್ಮಿ ಆಗಿತ್ತಾ?" ಅಂತ ಕೇಳಿದಳು. ಅವಳನ್ನು ಕೂರಿಸಿಕೊಂಡು ಮೇಲಿನ ಬಡ್ಡಿಯ ಲೆಕ್ಕ, ಪಿಂಚಣಿ ನಿಧಿಯ ಲೆಕ್ಕ ಎಲ್ಲ ಬರೆದು ತೋರಿಸಿದೆ. ಈ ಬರಹವನ್ನು ಕನ್ನಡದಲ್ಲಿ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ತಮ್ಮ ಕೈಯಲ್ಲಿ ಇಲ್ಲದ ಕಾರಣಕ್ಕೆ ಕೆಲಸ ಕಳೆದುಕೊಂಡವರು ತಪ್ಪನ್ನು ತಮ್ಮಲ್ಲೇ ಹುಡುಕುತ್ತಾ ವರ್ಷ ಕಳೆಯಬಾರದು.

ಇನ್ನು ಕರಾರುಗಳ ವಿಷಯ. ಕೆಟ್ಟ ಕಾಲದಲ್ಲಿ ಹಣ ಸಿಕ್ಕರೂ ಅದರ ಷರತ್ತು ಬೇರೆ. ಹಿಂದಿನ ಬೆಲೆಗಿಂತ ಕಡಿಮೆಗೆ ಷೇರು ಕೊಟ್ಟರೆ ಅದು ಡೌನ್ ರೌಂಡ್. ಮರ್ಯಾದೆ ಪ್ರಶ್ನೆ ಅಂತ ಫೌಂಡರ್‌ಗಳು ಅದನ್ನು ತಪ್ಪಿಸಲು ನೋಡುತ್ತಾರೆ. ಬೆಲೆ ಹಾಗೇ ಇರಲಿ, ಬದಲಿಗೆ ಈ ಷರತ್ತು ಹಾಕಿ ಅಂತ ಒಪ್ಪುತ್ತಾರೆ. ಆ ಷರತ್ತು ಹೆಚ್ಚಾಗಿ ಲಿಕ್ವಿಡೇಶನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದರೆ ಮೊದಲು ಹೂಡಿಕೆದಾರರ ಹಣ, ಉಳಿದದ್ದು ಬೇರೆಯವರಿಗೆ ಅನ್ನುವ ನಿಯಮ.

ಒಂದು ಕಂಪನಿಗೆ ಹಳೆಯ ಹೂಡಿಕೆದಾರರು 80 ಕೋಟಿ ಹಾಕಿದ್ದಾರೆ, ಅಷ್ಟನ್ನು ಮೊದಲು ವಾಪಸ್ ಪಡೆಯುವ ಹಕ್ಕಿದೆ ಅಂದುಕೊಳ್ಳಿ. ಕಷ್ಟಕಾಲದಲ್ಲಿ ಬಂದ ಹೊಸಬರು 20 ಕೋಟಿ ಹಾಕಿ, ಎಲ್ಲರಿಗಿಂತ ಮೊದಲು, ಅದರ ಎರಡರಷ್ಟು ನಮಗೆ ಅನ್ನುತ್ತಾರೆ. ಕಂಪನಿ 130 ಕೋಟಿಗೆ ಮಾರಾಟವಾಯಿತು. ಹೊಸಬರಿಗೆ 40, ಹಳಬರಿಗೆ 80. ಉಳಿದದ್ದು 10 ಕೋಟಿ. ಫೌಂಡರ್‌ಗಳು ಮತ್ತು ನೌಕರರ ಕೈಯಲ್ಲಿ ನೂರಕ್ಕೆ 40ರಷ್ಟು ಷೇರು ಇದ್ದರೆ, ನಮಗೆ 52 ಕೋಟಿ ಬರುತ್ತದೆ ಅಂತ ಅವರು ಅಂದುಕೊಂಡಿರುತ್ತಾರೆ. ಸಿಗುವುದು ಹತ್ತು. ಸಂಬಳ ಕಡಿಮೆ ಮಾಡಿಕೊಂಡು ಇಸಾಪ್ ಷೇರುಗಳನ್ನು, ಅಂದರೆ ಕಂಪನಿ ನೌಕರರಿಗೆ ಕೊಡುವ ಷೇರುಗಳನ್ನು, ನಂಬಿ ನಾಲ್ಕು ವರ್ಷ ದುಡಿದವರಿಗೆ ಈ ಸಾಲು ಕರಾರಿನಲ್ಲಿ ಇದೆ ಅಂತ ಯಾರೂ ಹೇಳಿರುವುದಿಲ್ಲ. ಕಾನೂನಿನ ಪ್ರಕಾರ ಹೇಳಬೇಕಾಗಿಯೂ ಇಲ್ಲದಿರಬಹುದು. ಆದರೂ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ವ್ಯಾಲ್ಯುಯೇಶನ್, ಅಂದರೆ ಕಂಪನಿಗೆ ಕಟ್ಟುವ ಬೆಲೆ, ಅನ್ನುವುದು ಎಷ್ಟು ಅಲುಗಾಡುತ್ತದೆ ಅನ್ನುವುದಕ್ಕೆ ಸ್ವಿಗ್ಗಿ ನೋಡಿ. 2022ರ ಜನವರಿಯಲ್ಲಿ ಅದರ ಬೆಲೆ 1,070 ಕೋಟಿ ಡಾಲರ್. ಮರುವರ್ಷ ಅದರ ಷೇರು ಇಟ್ಟುಕೊಂಡಿದ್ದ ಅಮೆರಿಕದ ಇನ್ವೆಸ್ಕೋ ತನ್ನ ಪುಸ್ತಕದಲ್ಲಿ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. 2024ರ ನವೆಂಬರ್‌ನಲ್ಲಿ ಐಪಿಒ ಆದಾಗ ಬೆಲೆ ಮತ್ತೆ 1,100 ಕೋಟಿ ಡಾಲರ್ ದಾಟಿತ್ತು. ಆ ಮೂರು ವರ್ಷವೂ ಬೆಂಗಳೂರಿನಲ್ಲಿ ಜನ ಸ್ವಿಗ್ಗಿಯಿಂದ ಊಟ ತರಿಸಿಕೊಳ್ಳುತ್ತಲೇ ಇದ್ದರು.

2023ರ ಮಾರ್ಚ್‌ನಲ್ಲಿ ಈ ಬಡ್ಡಿಯ ಕತೆ ಇನ್ನೊಂದು ಕಡೆಯಿಂದ ಬಂದು ಹೊಡೆಯಿತು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸ್ಟಾರ್ಟಪ್‌ಗಳ ಠೇವಣಿಯನ್ನು ದೀರ್ಘಾವಧಿ ಬಾಂಡುಗಳಲ್ಲಿ ಹಾಕಿತ್ತು. ಬಡ್ಡಿ ಏರಿದ್ದರಿಂದ ಬಾಂಡುಗಳ ಬೆಲೆ ಇಳಿದಿತ್ತು. ಫಂಡಿಂಗ್ ನಿಂತಿದ್ದರಿಂದ ಸ್ಟಾರ್ಟಪ್‌ಗಳು ಠೇವಣಿ ಕರಗಿಸುತ್ತಿದ್ದವು. ಸುದ್ದಿ ಹರಡಿದ್ದೇ ತಡ, ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಜನ ಮುಗಿಬಿದ್ದರು. 10ನೇ ತಾರೀಕು ಬ್ಯಾಂಕು ಮುಳುಗಿತು. ಅಮೆರಿಕದಲ್ಲಿ ನೋಂದಾಯಿಸಿಕೊಂಡ ನಮ್ಮ ಎಷ್ಟೋ ಸ್ಟಾರ್ಟಪ್‌ಗಳ ಹಣ ಅಲ್ಲಿತ್ತು. ಶನಿವಾರ, ಭಾನುವಾರ ಇಲ್ಲಿ ಫೌಂಡರ್‌ಗಳು ನಿದ್ದೆ ಮಾಡಲಿಲ್ಲ. ಎಲ್ಲ ಠೇವಣಿಗೂ ರಕ್ಷಣೆ ಅಂತ ಅಲ್ಲಿನ ಸರ್ಕಾರ ಭಾನುವಾರ ಘೋಷಿಸಿದ ಮೇಲೆ ಮಾರ್ಚ್ ಸಂಬಳದ ಚಿಂತೆ ತೀರಿತು.

ಹಾಗಾದರೆ ವೆಂಚರ್ ಹಣವೇ ಬೇಡ, ಸ್ವಂತ ದುಡಿಮೆಯಲ್ಲೇ ಬೆಳೆಯೋಣ ಅಂತ ಹೇಳುವವರಿದ್ದಾರೆ. ಜೆರೋಧಾದ ಉದಾಹರಣೆ ಕೊಡುತ್ತಾರೆ. 2010ರಲ್ಲಿ ನಿತಿನ್ ಕಾಮತ್ ಬೆಂಗಳೂರಿನಲ್ಲಿ ಶುರು ಮಾಡಿದ ಆ ಕಂಪನಿ ಹೊರಗಿನ ಹೂಡಿಕೆ ಪಡೆಯದೆ ದೇಶದ ದೊಡ್ಡ ಷೇರು ಬ್ರೋಕರ್‌ಗಳಲ್ಲಿ ಒಂದಾಯಿತು. ನನಗೂ ಅದರ ಬಗ್ಗೆ ಬಹಳ ಗೌರವ. ಆದರೆ ಬ್ರೋಕರೇಜ್‌ನಲ್ಲಿ ಮೊದಲ ಗಿರಾಕಿಯಿಂದಲೇ ಹಣ ಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಮಾಡುವ ಏಥರ್ ನೋಡಿ. 2013ರಲ್ಲಿ ಶುರುವಾಗಿ ಗಿರಾಕಿಗಳಿಗೆ ಮೊದಲ ಸ್ಕೂಟರ್ ಕೊಟ್ಟದ್ದು 2018ರಲ್ಲಿ. ಐದು ವರ್ಷ ಬರೀ ಖರ್ಚು. ಬ್ಯಾಟರಿ, ಚಿಪ್, ಔಷಧ, ವೈದ್ಯಕೀಯ ಉಪಕರಣ, ಇವನ್ನು ಮಾಡುವವರಿಗೆ ಕಾದು ಕೂರುವ ಹಣ ಬೇಕೇ ಬೇಕು. ಬ್ಯಾಂಕುಗಳು ಅಡಮಾನವಿಲ್ಲದೆ ಕೊಡುವುದಿಲ್ಲ. ಕಿರಣ್ ಮಜುಂದಾರ್ ಶಾ 1978ರಲ್ಲಿ ಬಯೋಕಾನ್ ಶುರು ಮಾಡಿದಾಗ ಬ್ಯಾಂಕುಗಳು ಹಿಂದೇಟು ಹಾಕಿದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಮುಂದೆ ಎನ್. ವಾಘುಲ್ ನೇತೃತ್ವದ ಐಸಿಐಸಿಐ ಅವರ ಬೆನ್ನಿಗೆ ನಿಂತಿತು. ಅದು ಭಾರತದ್ದೇ ಸಂಸ್ಥೆ.

ನನ್ನ ಆಸೆ ಇರುವುದು ಆ ಕಡೆಗೆ. ಇವತ್ತು ನಮ್ಮ ದೊಡ್ಡ ಸ್ಟಾರ್ಟಪ್‌ಗಳಲ್ಲಿರುವ ಹಣದ ದೊಡ್ಡ ಪಾಲು ಹೊರದೇಶದ್ದು. ಹಾಗಾಗಿಯೇ ನಮ್ಮ ಊರಿನಲ್ಲಿ ಮಳೆ-ಬೆಳೆ ಚೆನ್ನಾಗಿದ್ದಾಗಲೂ ಇಲ್ಲಿ ಕೆಲಸ ಹೋಗುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಸಣ್ಣ ಕೈಗಾರಿಕೆಗಳ ಬ್ಯಾಂಕು ಸಿಡ್ಬಿ ಮೂಲಕ 10,000 ಕೋಟಿ ರೂಪಾಯಿಯ ಫಂಡ್ ಆಫ್ ಫಂಡ್ಸ್, ಅಂದರೆ ವೆಂಚರ್ ಫಂಡ್‌ಗಳಿಗೆ ಹಣ ಹಾಕುವ ಫಂಡ್, ಮಾಡಿತು. 2025ರ ಬಜೆಟ್‌ನಲ್ಲಿ ಇನ್ನೊಂದು 10,000 ಕೋಟಿ ಘೋಷಿಸಿತು. ಸ್ಟಾರ್ಟಪ್‌ಗೆ ಬಂದ ಹೂಡಿಕೆಯ ಮೇಲೆ ಬೀಳುತ್ತಿದ್ದ, 2012ರಿಂದ ಕಾಡುತ್ತಿದ್ದ ಏಂಜೆಲ್ ಟ್ಯಾಕ್ಸ್ 2024ರ ಬಜೆಟ್‌ನಲ್ಲಿ ಹೋಯಿತು. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ ಪುಟ್ಟ ಕಂಪನಿಗಳಿಗೆ ಷೇರು ಕೇಳದೆ ಅನುದಾನ ಕೊಡುತ್ತದೆ. ಇವೆಲ್ಲ ಒಳ್ಳೆಯವು, ಆದರೆ ಸಾಲದು. ನಮ್ಮ ವಿಮೆ, ಪಿಂಚಣಿ ಹಣದ ಒಂದು ಚಿಕ್ಕ ಪಾಲಾದರೂ ಎಚ್ಚರಿಕೆಯಿಂದ ಈ ಕಡೆ ಬರಬೇಕು. ಅದರಲ್ಲಿ ಅಪಾಯ ಇದೆ. ಜನರ ನಿವೃತ್ತಿಯ ಹಣದ ವಿಷಯದಲ್ಲಿ ಆತುರ ಸಲ್ಲದು ಅನ್ನುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಚಿಕ್ಕ ಪಾಲು ಅಂದದ್ದು ಅದಕ್ಕೇ.

2024ರಲ್ಲಿ ಹೂಡಿಕೆ ಮತ್ತೆ ಸುಮಾರು 1,370 ಕೋಟಿ ಡಾಲರ್‌ಗೆ ಏರಿತು. ಆ ಸೆಪ್ಟೆಂಬರ್‌ನಿಂದ ಫೆಡರಲ್ ರಿಸರ್ವ್ ಬಡ್ಡಿ ಇಳಿಸಲು ಶುರು ಮಾಡಿತ್ತು. ಹುಬ್ಬಳ್ಳಿಯವರು ಅಷ್ಟರೊಳಗೆ ವಿಸಿಗಳ ಹಿಂದೆ ಬೀಳುವುದನ್ನು ಬಿಟ್ಟು, ಗಿರಾಕಿಗಳಿಂದ ವರ್ಷದ ಹಣವನ್ನು ಮುಂಗಡವಾಗಿ ಪಡೆದು, ಅದಕ್ಕೆ ರಿಯಾಯಿತಿ ಕೊಟ್ಟು ಕಂಪನಿ ನಡೆಸುತ್ತಿದ್ದರು. ದಾವಣಗೆರೆಯ ಹುಡುಗಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು.

ಸ್ಟಾರ್ಟಪ್ ಸೇರಲು ಹೊರಟವರು ಈಗಲೂ ನನ್ನ ಹತ್ತಿರ ಬರುತ್ತಾರೆ. ಸಂಬಳ ಎಷ್ಟು ಅಂತ ಕೇಳುವ ಜೊತೆಗೆ ಇನ್ನು ಕೆಲವನ್ನು ಕೇಳಿ ಅನ್ನುತ್ತೇನೆ. ಕೊನೆಯ ಸುತ್ತಿನ ಹಣ ಯಾವ ತಿಂಗಳು ಬಂತು, ಈಗಿನ ಖರ್ಚಿನಲ್ಲಿ ಎಷ್ಟು ತಿಂಗಳು ಬರುತ್ತದೆ, ಕಂಪನಿ ಮಾರಾಟವಾದರೆ ನನ್ನ ಷೇರಿಗಿಂತ ಮೊದಲು ಎಷ್ಟು ಕೋಟಿ ಬೇರೆಯವರಿಗೆ ಹೋಗಬೇಕು. ಇದನ್ನೆಲ್ಲ ಕೇಳಿದರೆ ಕೆಲಸ ಕೊಡ್ತಾರಾ ಅಂತ ಹೆದರುತ್ತಾರೆ. ನಾನು ಕಂಡ ಒಳ್ಳೆಯ ಫೌಂಡರ್‌ಗಳು ಇವಕ್ಕೆ ನೇರವಾಗಿ ಉತ್ತರ ಕೊಟ್ಟಿದ್ದಾರೆ. ಒಂದಿಬ್ಬರು ಲ್ಯಾಪ್‌ಟಾಪ್ ತಿರುಗಿಸಿ ಆ ಎಕ್ಸೆಲ್ ಶೀಟನ್ನೇ ತೋರಿಸಿದ್ದೂ ಇದೆ.